ಬೇಯಿಸಿದ ಮಣ್ಣು

ಮಾರ್ಚ್ 3, ಮಂಗಳವಾರ

ಮದುವೆಯಾಗಿ ಇಂದಿಗೆ ಒಂಬತ್ತು ದಿನ! ಒಂಬತ್ತು ದಿನದಲ್ಲಿ ಒಂದೇ ಒಂದು ಜಗಳವಿಲ್ಲ. ಟೂತ್‌ಪೇಸ್ಟನ್ನು ನಡುವಿನಿಂದ ಹಿಂಡುವುದು ಸರಿಯೋ ತಪ್ಪೋ ಎಂದು ನಿನ್ನೆ ನಡೆದದ್ದು ಜಗಳವಲ್ಲ, ವಿಚಾರ ಸಂಕಿರಣ.

ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುವುದು ನನಗೆ ಸಲೀಸು. ಆದರೆ ಅವನು ಓದಿಬಿಡುತ್ತಾನೆ. ನನ್ನ ಕನ್ನಡ ಕೈಬರಹ ಓದುವ ಧೈರ್ಯ ನನ್ನ ಮೇಷ್ಟ್ರಿಗೇ ಇರಲಿಲ್ಲ, ಇವನಿಗೆಲ್ಲಿಂದ ಬರಬೇಕು! ಇವನು ಅಂದರೆ ನನ್ನ ಕೆಂಪುಕಿವಿ. ಜನರೆದುರು ನಾನು “ರೀ” ಅಂದರೆ ಸಾಕು, ಎರಡು ಕಿವಿಯೂ ಟೊಮೆಟೊ ಬಣ್ಣಕ್ಕೆ ತಿರುಗುತ್ತವೆ. ಕೋಣೆಯೊಳಗೆ “ಕಣೋ”, ಅತ್ತೆಯ ಮುಂದೆ “ರೀ”. ಹಾಗಾಗಿ ದಿನಕ್ಕೆ ಹತ್ತು ಸಲ ಬೇಕೆಂದೇ ಅತ್ತೆಯ ಮುಂದೆ ಕರೆಯುತ್ತೇನೆ.

ಟೊಮೆಟೊ ಬಣ್ಣ ಎಂದದ್ದು ಸುಮ್ಮನೆ ಅಲ್ಲ. ಈ ಮನೆಯ ಬದುಕೇ ಟೊಮೆಟೊ ಸಸಿ. ನಮ್ಮ ಕೋಣೆಯ ಕಿಟಕಿ ತೆರೆದರೆ ಪ್ಲಾಸ್ಟಿಕ್ ಹೊದಿಸಿದ ಮೂರು ಪಾಲಿಹೌಸ್. ಬೀಜ ಹಾಕುವುದು, ಎರಡೆಲೆ ಬಂದ ಮೇಲೆ ಒಂದೊಂದನ್ನೇ ಪುಟ್ಟ ಕುಂಡಕ್ಕೆ ಬದಲಾಯಿಸುವುದು, ಗೇಣುದ್ದ ಬೆಳೆದ ಮೇಲೆ ಬೆಳೆಗಾರರಿಗೆ ಕಳಿಸುವುದು. ಎಲ್ಲವನ್ನೂ ನಡೆಸುವವರು ಅತ್ತೆ. ಮಾವ ತೀರಿಕೊಂಡ ಮೇಲೆ ಅವರೂ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯೂ ಸೇರಿ ಇದನ್ನು ಉಳಿಸಿಕೊಂಡರಂತೆ. ಮೇಸ್ತ್ರಿ ಇಲ್ಲಿಗೆ ಬಂದು ಇಪ್ಪತ್ತೆಂಟು ವರ್ಷ. ಅತ್ತೆಗೆ “ಅಕ್ಕ” ಅನ್ನುತ್ತಾರೆ, ನನಗೆ “ಹೊಸಮ್ಮಾವ್ರೇ”. “ಎಷ್ಟು ದಿನ ಹೊಸಮ್ಮ?” ಎಂದು ಕೇಳಿದೆ. “ನಿಮ್ಮ ಬೂಟು ಹಳೇದಾಗೋವರೆಗೆ” ಅಂದರು. ನನ್ನ ಬೂಟು ಹಳದಿ, ಅದರ ಮೇಲೆ ಬಿಳಿ ಹೂಗಳು. ಅವನೇ ಕೊಡಿಸಿದ್ದು!

ಇಂದು ಒಂದು ವಿಚಿತ್ರ ನೋಡಿದೆ. ಕುಂಡಕ್ಕೆ ತುಂಬುವ ಮಣ್ಣನ್ನು ಇವರು ಬೇಯಿಸುತ್ತಾರೆ! ಬೀರುವಿನಷ್ಟು ದೊಡ್ಡ ಆವಿ ಪೆಟ್ಟಿಗೆಯಲ್ಲಿಟ್ಟು, ಅರ್ಧ ಗಂಟೆ, ಇಡ್ಲಿಯ ಹಾಗೆ. ರೋಗಾಣುಗಳೆಲ್ಲ ಸಾಯಲಿ ಎಂದು. ಒಳ್ಳೆಯದು, ವಿಜ್ಞಾನ, ನನಗೆ ಖುಷಿ. ಆದರೆ ಮಣ್ಣು ಆರಿದ ಮೇಲೆ ಅತ್ತೆ ಏನು ಮಾಡಿದರು ಗೊತ್ತೇ? ಮೂಲೆಯಲ್ಲಿ “ಹಳೇ ಮಡಿ” ಎಂಬ ಒಂದು ಪಾತಿಯಿದೆ, ನಮ್ಮ ಮಂಚದಷ್ಟು ಅಗಲ. ಅದರ ತುಂಬ ಹೋದ ವರ್ಷದ ಕೊಳೆತ ಬೇರು, ಒಣಗಿದ ಬುಡ, ಹುಳ. ಅಲ್ಲಿಂದ ಬರಿಗೈಯಲ್ಲಿ ಒಂದು ಹಿಡಿ ಮಣ್ಣು ತೆಗೆದು, ಬೇಯಿಸಿದ ಒಂದೊಂದು ತಳ್ಳುಗಾಡಿ ಮಣ್ಣಿಗೂ ಕಲಸಿದರು. ಆಪರೇಷನ್ ಥಿಯೇಟರನ್ನು ತೊಳೆದು ಒರೆಸಿ, ಆಮೇಲೆ ಕೆಸರುಗಾಲಲ್ಲಿ ಒಳಗೆ ನಡೆದ ಹಾಗೆ!

“ಅತ್ತೆ, ಅದ್ರಲ್ಲಿ ಕ್ರಿಮಿ ಇರಲ್ವಾ?” ಅಂದೆ.

“ಇರ್ತವೆ. ಇರ್ಲಿ ಅಂತಾನೇ ಹಾಕೋದು” ಅಂದರು.

ತಮಾಷೆಗೆ ಹೇಳಿದ್ದಿರಬೇಕು. ಅತ್ತೆ ತಮಾಷೆ ಮಾಡುವಾಗಲೂ ನಗುವುದಿಲ್ಲ. ಉಗುರು ಸಂದಿಯ ಮಣ್ಣು ತೆಗೆಯಲು ನನಗೆ ಇಂದು ಕಾಲು ಗಂಟೆ ಹಿಡಿಯಿತು.

ಮಾರ್ಚ್ 8, ಭಾನುವಾರ

ಅತ್ತೆಗೆ ಕಣ್ಣಿನ ಪೊರೆ ತೆಗೆಸಬೇಕು. ನಾಳೆ ಅವನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ, ಗುರುವಾರ ವಾಪಸ್ಸು. ಮೂರು ರಾತ್ರಿ ನಾನೊಬ್ಬಳೇ! ಮದುವೆಯಾಗಿ ಹದಿನಾಲ್ಕು ದಿನಕ್ಕೇ ವಿರಹ! ಮೇಸ್ತ್ರಿಯೂ ಮಂಗಳವಾರ ಬುಧವಾರ ರಜೆ, ಅವರ ಸ್ವಂತ ಅಕ್ಕ ಮನೆ ಬದಲಾಯಿಸುತ್ತಿದ್ದಾರಂತೆ. ಸಸಿಗಳಿಗೆ ನೀರು ಹಾಕುವುದು ನನ್ನ ಜವಾಬ್ದಾರಿ.

ಬರೀ ನೀರು ಹಾಕಿ ಸುಮ್ಮನಿರುವವಳೇ ನಾನು? ಒಂದು ಅದ್ಭುತ ಯೋಚನೆ ಬಂದಿದೆ. ಪೊರೆ ತೆಗೆಸಿದ ಕಣ್ಣಿನಿಂದ ಅತ್ತೆ ಮೊದಲು ನೋಡುವುದು ಚೊಕ್ಕಟವಾದ ಹಳೇ ಮಡಿ ಆಗಿರಬೇಕು. ಸರ್‌ಪ್ರೈಸ್!

ಮಾರ್ಚ್ 10, ಮಂಗಳವಾರ, ಸಂಜೆ

ಮುಗಿಯಿತು! ತೋಳು ನನ್ನದಲ್ಲ, ಸೊಂಟವೂ ನನ್ನದಲ್ಲ, ಆದರೆ ಮುಗಿಯಿತು. ನಿನ್ನೆ ಸಂಜೆ ಮೇಸ್ತ್ರಿ ಮನೆಗೆ ಹೊರಟ ಕೂಡಲೇ ಶುರು ಮಾಡಿ, ಇವತ್ತು ಬೆಳಗಿನಿಂದ ಒಂದೇ ಸಮ. ಹಳೇ ಮಡಿಯನ್ನು ತಳದವರೆಗೆ ಅಗೆದು, ಹತ್ತೊಂಬತ್ತು ಸಲ ಆವಿ ಪೆಟ್ಟಿಗೆ ತುಂಬಿ, ಒಂದೊಂದಕ್ಕೂ ಸರಿಯಾಗಿ ಅರ್ಧ ಗಂಟೆ. ಕೊಳೆತ ಬೇರುಗಳನ್ನೂ ಬಿಡಲಿಲ್ಲ, ಅವನ್ನೂ ಬೇಯಿಸಿ ಹೊರಗೆ ಗುಡ್ಡೆ ಹಾಕಿದೆ. ಈಗ ಮಡಿ ನೋಡಬೇಕು! ಜರಡಿ ಹಿಡಿದ ಕಾಫಿಪುಡಿಯ ಹಾಗೆ, ಒಂದು ಕಡ್ಡಿಯಿಲ್ಲ, ಒಂದು ಹುಳವಿಲ್ಲ.

ಇನ್ನು ಅವನಿಗೆ ಫೋನ್ ಮಾಡಬೇಕು. ಹೇಳುವುದಿಲ್ಲ, ಸುಮ್ಮನೆ ಮಾತಿಗೆಳೆದು ನೋಡುತ್ತೇನೆ.

ಅದೇ ದಿನ, ಆಮೇಲೆ

ಫೋನ್ ಮಾಡಿದೆ. ಅತ್ತೆಯ ಕಣ್ಣು ಚೆನ್ನಾಗಿದೆ. “ಅಲ್ಲ ಕಣೋ, ಆ ಹಳೇ ಮಡಿ ಯಾಕೆ ಹಾಗೆ ಗಲೀಜಾಗಿ ಬಿಟ್ಟಿದೀರಾ?” ಎಂದು ಕೇಳಿದೆ.

ಅವನು ನಕ್ಕ. “ಅಯ್ಯೋ, ಅದಕ್ಕೆ ಮಾತ್ರ ಕೈ ಹಾಕ್ಬೇಡ ಮಾರಾಯ್ತಿ. ಅಮ್ಮ ನನ್ನನ್ನ ಬೇಕಾದ್ರೂ ಬಿಟ್ಟಾರು, ಆ ಮಡಿ ಬಿಡಲ್ಲ” ಅಂದ.

ಆಮೇಲೆ ಕಥೆ ಹೇಳಿದ. ಅವನಿಗೆ ಎಂಟು ವರ್ಷವಿದ್ದಾಗ ಇಲ್ಲಿ ಸೊರಗು ರೋಗ ಬಂತಂತೆ. ಬೆಳಿಗ್ಗೆ ಹಸಿರಾಗಿದ್ದ ಗಿಡ ಮಧ್ಯಾಹ್ನಕ್ಕೆ ತಲೆಬಾಗಿ, ಮೂರನೇ ದಿನಕ್ಕೆ ಸತ್ತಿರುತ್ತಿತ್ತು. ಮಣ್ಣಿನಲ್ಲಿರುವ ರೋಗ, ಬೇರಿನಿಂದ ಒಳಗೆ ಹೋಗುತ್ತದೆ, ಔಷಧಿಯಿಲ್ಲ. ಬೇರೆ ಕಸುಬು ನೋಡಿಕೊಳ್ಳಿ ಎಂದು ಎಲ್ಲರೂ ಹೇಳಿದರು. ಅತ್ತೆ ಹಟ ಹಿಡಿದು ಅದೇ ಮಡಿಯಲ್ಲಿ, ಅದೇ ಟೊಮೆಟೊವನ್ನು, ಸತ್ತ ಗಿಡದ ಬೇರನ್ನೂ ಕೀಳದೆ ಮತ್ತೆ ಮತ್ತೆ ನೆಟ್ಟರು. ಮೂರು ವರ್ಷ ಎಲ್ಲ ಸತ್ತವು. ನಾಲ್ಕನೇ ವರ್ಷ ಅರ್ಧ ಉಳಿದವು. ಆರನೇ ವರ್ಷ ಒಂದೂ ಸಾಯಲಿಲ್ಲ.

“ರೋಗ ಹೋಗಿಲ್ಲ, ಅದು ಕಾಲುವೆ ನೀರಲ್ಲೇ ಬರ್ತಾನೇ ಇರುತ್ತೆ. ಆದ್ರೆ ಆ ಮಣ್ಣು ಅದನ್ನ ಬೆಳೆಯೋಕೆ ಬಿಡಲ್ಲ. ಹೇಗೆ ಅಂತ ನಂಗೂ ಪೂರ್ತಿ ಗೊತ್ತಿಲ್ಲ. ಅದಕ್ಕೇ ಅಮ್ಮ ಎಲ್ಲಾ ಕುಂಡಕ್ಕೂ ಅದನ್ನ ಹಾಕೋದು. ಹಲೋ? ಇದೀಯಾ?”

ಇದ್ದೇನೆ ಅಂದೆ.

ಮಾರ್ಚ್ 11, ಬುಧವಾರ

ಬೇಯಿಸಿದ ಬೇರುಗಳನ್ನೆಲ್ಲ ಗುಡ್ಡೆಯಿಂದ ಆರಿಸಿ ತಂದೆ. ಮೊದಲಿನ ಹಾಗೆ ಹೂತೆ. ಒಣ ಬುಡಗಳನ್ನು ನಿಲ್ಲಿಸಿದೆ. ನಾಲ್ಕು ಹುಳ ಹುಡುಕಿ ತಂದು ಬಿಟ್ಟೆ, ಅವು ಮಡಿಯಿಂದ ಹೊರಗೆ ಹರಿದು ಹೋದವು. ಹಿಡಿದು ತಂದು ಮತ್ತೆ ಬಿಟ್ಟೆ.

ಎರಡು ದಿನ ಕಷ್ಟಪಟ್ಟು ಚೊಕ್ಕಟ ಮಾಡಿದ್ದನ್ನು ಎರಡು ಗಂಟೆಯಲ್ಲಿ ಗಲೀಜು ಮಾಡಿದೆ. ನೋಡಲು ಮೊದಲಿನ ಹಾಗೆಯೇ ಇದೆ.

ನಾಳೆ ಹೇಳಿಬಿಡುತ್ತೇನೆ.

ಮಾರ್ಚ್ 13, ಶುಕ್ರವಾರ

ನಿನ್ನೆ ಬಂದರು. ಅತ್ತೆಗೆ ಕಪ್ಪು ಕನ್ನಡಕ. ಒಂದು ತಿಂಗಳು ಬಗ್ಗಬಾರದು, ದೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಬಂದ ಕೂಡಲೇ ನನ್ನ ಕೆನ್ನೆ ಹಿಡಿದು, “ಎಷ್ಟು ಸೊರಗಿದೀಯಲ್ಲೇ, ಊಟ ಮಾಡಿದ್ಯಾ ಇಲ್ವಾ?” ಎಂದರು. ಅವನು ನನಗೆಂದು ಕೂದಲಿನ ಕ್ಲಿಪ್ ತಂದಿದ್ದ, ಟೊಮೆಟೊ ಆಕಾರದ್ದು. ಇಷ್ಟೆಲ್ಲ ಪ್ರೀತಿಯ ನಡುವೆ ಹೇಗೆ ಹೇಳಲಿ? ಸರಿಯಾದ ಹೊತ್ತು ನೋಡಿ ಹೇಳಬೇಕು.

ಮೇಸ್ತ್ರಿ ಬೆಳಿಗ್ಗೆ ಹಳೇ ಮಡಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದರು. ಚಿಟಿಕೆ ಮಣ್ಣು ಮೂಸಿ, ನಾಲಿಗೆಗೂ ತಾಗಿಸಿ ಉಗಿದರು.

“ಹೊಸಮ್ಮಾವ್ರೇ, ಎರಡು ದಿನ ಏನ್ಮಾಡಿದ್ರಿ?”

“ಪುಸ್ತಕ ಓದಿದೆ.”

“ಒಳ್ಳೇದು” ಅಂದರು. ಆವಿ ಪೆಟ್ಟಿಗೆಯ ಬಾಗಿಲನ್ನು ಎರಡು ಸಲ ತೆಗೆದು ಹಾಕಿದರು. “ಇದನ್ನ ಬಳಸಿದ ಮೇಲೆ ಬಾಗಿಲು ಒಂಚೂರು ತೆಗೆದಿಡ್ಬೇಕು. ಇಲ್ಲಾಂದ್ರೆ ರಬ್ಬರ್ ಅಂಟ್ಕೊಂಡು ಬಿಡುತ್ತೆ. ಸುಮ್ನೆ ಹೇಳಿದೆ.”

ಸುಮ್ಮನೆ ಹೇಳಿದ್ದಲ್ಲ.

ಮಾರ್ಚ್ 16, ಸೋಮವಾರ

ಎರಡೆಲೆ ಸಸಿಗಳನ್ನು ಕುಂಡಕ್ಕೆ ಬದಲಾಯಿಸುವ ಕೆಲಸ ಇಂದು ಶುರು. ಆರು ಸಾವಿರ ಸಸಿ. ಬೆಳೆಗಾರರ ಸಂಘಕ್ಕೆ ಏಪ್ರಿಲ್ ಎಂಟರಂದು ಕೊಡಬೇಕು. ಅವರಿಗೆ ಬೇರೆ ನರ್ಸರಿಯಿಲ್ಲ, ನಮ್ಮದು ಕೈಕೊಟ್ಟರೆ ಅವರ ಇಡೀ ಬೆಳೆ ಇಲ್ಲ.

ಬೇಯಿಸಿದ ಮಣ್ಣು ಗಾಡಿಗಳಲ್ಲಿ ಆರುತ್ತಿತ್ತು. ಅತ್ತೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ನಿಂತರು. “ನಂಗೆ ಬಗ್ಗೋಕಾಗಲ್ಲ. ಈ ಸಲ ನೀನು ಹಾಕು” ಅಂದರು.

“ನಾನಾ?”

“ಮತ್ಯಾರು? ಇಷ್ಟು ವರ್ಷ ಮೇಸ್ತ್ರಿಗೂ ಬಿಟ್ಟಿಲ್ಲ. ಕೇಳು ಬೇಕಾದ್ರೆ.”

“ಹೌದು ಬಿಡಿ” ಅಂದರು ಮೇಸ್ತ್ರಿ, ನನ್ನ ಕಡೆ ನೋಡದೆ.

ಹಾಕಿದೆ. ಹನ್ನೊಂದು ಗಾಡಿಗೆ ಹನ್ನೊಂದು ಹಿಡಿ. ಸತ್ತ ಮಣ್ಣಿಗೆ ಸತ್ತ ಮಣ್ಣು. ಅವನು ನನ್ನ ಫೋಟೊ ತೆಗೆದ. “ಅಮ್ಮ ನಿನ್ನನ್ನ ಪೂರ್ತಿ ಒಪ್ಪಿಬಿಟ್ರು ಕಣೇ” ಅಂದ, ಕಿವಿ ಕೆಂಪಾಗಿತ್ತು.

ಇದಕ್ಕಿಂತ ಸರಿಯಾದ ಹೊತ್ತು ಇನ್ನೊಂದು ಸಿಗಲಾರದು. ಆದರೂ ಹೇಳಲಿಲ್ಲ. ಏನೂ ಆಗದಿದ್ದರೆ ಯಾಕೆ ಹೇಳಬೇಕು? ಏನೂ ಆಗುವುದಿಲ್ಲ.

ಮಾರ್ಚ್ 19, ಗುರುವಾರ

ಏನೂ ಆಗಿಲ್ಲ. ದಿನಕ್ಕೆ ಐದು ಸಲ ಹೋಗಿ ನೋಡುತ್ತೇನೆ. “ನನ್ನ ಸೊಸೆಗೆ ಸಸಿ ಅಂದ್ರೆ ಪ್ರಾಣ” ಎಂದು ಅತ್ತೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು.

ಮಾರ್ಚ್ 25, ಬುಧವಾರ

ಎರಡನೇ ಪಾಲಿಹೌಸ್. ಎಡಗಡೆಯ ಸಾಲು. ಏಳು ಸಸಿ.

ಹನ್ನೊಂದು ಗಂಟೆಗೆ ಚೆನ್ನಾಗಿದ್ದವು. ಎರಡು ಗಂಟೆಗೆ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು, ಬಣ್ಣ ಮಾತ್ರ ಇನ್ನೂ ಹಸಿರು. ಅತ್ತೆ ಕನ್ನಡಕ ತೆಗೆದು ಎರಡು ಕ್ಷಣ ನೋಡಿ, “ಒಂದು ಗಾಜಿನ ಲೋಟದಲ್ಲಿ ನೀರು ತಗೊಂಡು ಬಾ” ಅಂದರು. ಒಂದು ಸಸಿಯ ಬುಡವನ್ನು ಬ್ಲೇಡಿನಿಂದ ಕತ್ತರಿಸಿ ಕಾಂಡದ ತುದಿಯನ್ನು ನೀರಿಗೆ ತಾಗಿಸಿ ಹಿಡಿದರು. ನಾವೆಲ್ಲ ಸುತ್ತ ನಿಂತಿದ್ದೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಾಂಡದಿಂದ ದಾರದಷ್ಟು ತೆಳ್ಳಗೆ, ಹಾಲಿನಂಥ ಒಂದು ಎಳೆ ಇಳಿಯಿತು. ಅಲ್ಲಾಡದೆ ನೆಟ್ಟಗೆ ತಳದವರೆಗೆ ಇಳಿಯಿತು.

“ಅದೇ ಸೊರಗು ರೋಗ. ಬಂತು” ಅಂದರು ಅತ್ತೆ. ಇಪ್ಪತ್ತು ವರ್ಷದ ಹಿಂದೆ ಹೋದವರು ಬಾಗಿಲಿಗೆ ಬಂದು ನಿಂತ ಹಾಗೆ.

ಮಾರ್ಚ್ 26, ಗುರುವಾರ

ಇನ್ನೂರು.

ಸಸ್ಯರೋಗದ ಪ್ರಯೋಗಾಲಯದಿಂದ ಒಬ್ಬರು ಬಂದರು. ಕುಳ್ಳಗೆ, ಜೋರು ದನಿ, ಹೆಗಲಲ್ಲಿ ಸೂಕ್ಷ್ಮದರ್ಶಕದ ಪೆಟ್ಟಿಗೆ. ಅವನು ಅವರನ್ನು ಲ್ಯಾಬ್ ಅಕ್ಕ ಅನ್ನುತ್ತಾನೆ. ನನ್ನನ್ನು ಸಹಾಯಕ್ಕೆ ಕೂರಿಸಿಕೊಂಡರು. ಇನ್ನೂ ಬಾಡದ ಒಂದು ಸಸಿಯ ಬೇರಿನ ತುದಿಯನ್ನು ಗಾಜಿನ ಮೇಲಿಟ್ಟು “ನೋಡಿ” ಅಂದರು.

ಬೇರಿನ ತುದಿ ಒಂದು ಬೆರಳಿನ ಹಾಗೆ ಕಂಡಿತು. ಅದರ ಸುತ್ತ ಮೋಡ. ಮೋಡದ ತುಂಬ ಸಣ್ಣ ಸಣ್ಣ ಅಕ್ಕಿಕಾಳುಗಳ ಹಾಗೆ ಏನೋ ಬಿಡಿಬಿಡಿಯಾಗಿ ತೇಲುತ್ತಿದ್ದವು.

“ಅದು ಬೇರಿನದೇ ಜೀವಕೋಶ” ಅಂದರು. “ಬೇರಿನ ತುದಿ ಮುಂದೆ ಹೋಗ್ತಾ ಹೋಗ್ತಾ ಅವನ್ನ ಮೈಯಿಂದ ಉದುರಿಸುತ್ತೆ. ಸತ್ತವು ಅಂದ್ಕೋಬೇಡಿ, ಜೀವಂತವೇ. ಅಂಟು ಬಿಟ್ಕೊಂಡು ಸುತ್ತ ಕಾವಲು ಕೂತಿರ್ತವೆ. ರೋಗಾಣು ಬಂತೋ, ಆ ಅಂಟಿಗೆ ಸಿಕ್ಕಿ ಒದ್ದಾಡುತ್ತೆ. ಅಷ್ಟರಲ್ಲಿ ಬೇರು ಮುಂದೆ ಹೋಗಿರುತ್ತೆ.”

“ಉದುರಿದವು?”

“ಅವು ಅಲ್ಲೇ ಮುಗೀತವೆ. ಅದಕ್ಕೇ ಇರೋದು ಅವು.”

“ಹಾಗಾದ್ರೆ ಇವ್ಯಾಕೆ ಸಾಯ್ತಿವೆ?”

“ಬೇರು ಒಂದೇ ಎಷ್ಟು ಅಂತ ಹೊಡೆದಾಡುತ್ತೆ? ತಾನು ಮಾಡಿದ ಅಡುಗೆಯಲ್ಲಿ ಒಂದು ಪಾಲನ್ನ ಅದು ಮಣ್ಣಿಗೆ ಸುರಿಯುತ್ತೆ, ಬೇಕಾದ ಜೀವಿಗಳು ಬಂದು ಹತ್ರ ಇರ್ಲಿ ಅಂತ. ಅವು ಬಂದು ಜಾಗ ಹಿಡಿದ್ರೆ ರೋಗಾಣುಗೆ ಕಾಲಿಡೋಕೂ ಎಡೆ ಇರಲ್ಲ. ಈ ಮಣ್ಣಲ್ಲಿ ಯಾರೂ ಇಲ್ಲ. ಮನೆ ಖಾಲಿ, ಬಾಗಿಲು ತೆಗೆದೇ ಇದೆ, ಮೊದಲು ಬಂದವನು ಒಳಗೆ ಕೂತ.” ಅತ್ತೆಯ ಕಡೆ ತಿರುಗಿದರು. “ಹಳೇ ಮಡಿ ಮಣ್ಣು ಹಾಕ್ಲಿಲ್ವೇನ್ರೀ ಈ ಸಲ?”

“ಹಾಕಿದೀವಲ್ಲ! ನನ್ನ ಸೊಸೆ ಕೈಯಾರೆ ಹಾಕಿದಾಳೆ. ನಾನು ಪಕ್ಕದಲ್ಲೇ ನಿಂತಿದ್ದೆ.”

“ಹಾಗಾದ್ರೆ ಹೊರಗಿಂದ ಯಾರೋ ರೋಗದ ಮಣ್ಣನ್ನೇ ಕಾಲಲ್ಲಿ ಹೊತ್ಕೊಂಡು ಬಂದಿರ್ಬೇಕು” ಅಂದರು ಲ್ಯಾಬ್ ಅಕ್ಕ.

ನಾನು ಮತ್ತೆ ಬೇರಿನ ತುದಿ ನೋಡುವವಳ ಹಾಗೆ ತಲೆ ಬಗ್ಗಿಸಿದೆ.

ಮಾರ್ಚ್ 27, ಶುಕ್ರವಾರ

ಇಂದು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಏಳು ಗಂಟೆ. ಪಾಲಿಹೌಸಿನ ಬಾಗಿಲಲ್ಲಿ ಮೇಸ್ತ್ರಿಯ ಬೂಟು ಇತ್ತು, ಅದಕ್ಕೆ ಹಸಿ ಮಣ್ಣು ಮೆತ್ತಿತ್ತು. ಮೇಸ್ತ್ರಿಗೆ ಮನೆಯ ಹಿಂದೆ ಸಣ್ಣ ತರಕಾರಿ ತೋಟವಿದೆ. ಅಲ್ಲಿ ಮೆಟ್ಟಿದ ಬೂಟನ್ನು ಇಲ್ಲಿ ಹಾಕಬಾರದೆಂಬುದು ಇಲ್ಲಿನ ಮೊದಲ ನಿಯಮ.

“ಇದೇನು?” ಎಂದರು ಅತ್ತೆ.

“ಮರ್ತು ಹಾಕ್ಕೊಂಡು ಬಂದೆ ಅಕ್ಕ. ಒಳಗೆ ತಂದಿಲ್ಲ, ಬಾಗಿಲಲ್ಲೇ ಬಿಚ್ಚಿದೀನಿ.”

“ಇವತ್ತು ಬಿಚ್ಚಿದೆ. ಹೋದ ವಾರ? ಅದರ ಹಿಂದಿನ ವಾರ? ಇಪ್ಪತ್ತೆಂಟು ವರ್ಷದಿಂದ ಬಡ್ಕೋತಿದೀನಿ, ಮನೆ ಬೂಟು ಮನೇಲಿ ಬಿಡು ಅಂತ. ರೋಗದ ಮಣ್ಣನ್ನ ಕಾಲಲ್ಲಿ ಹೊತ್ಕೊಂಡು ಬಂದು ನನ್ನ ಮನೆಗೆ ಬಿಟ್ಯಲ್ಲೋ!”

ಮೇಸ್ತ್ರಿ ತಲೆಯೆತ್ತಿ ನನ್ನ ಕಡೆ ನೋಡಿದರು. ಒಂದೇ ಒಂದು ಕ್ಷಣ. ಈಗ ಹೇಳುತ್ತಾರೆ ಅಂದುಕೊಂಡೆ. ಹೇಳಲಿ, ನನ್ನಿಂದಂತೂ ಆಗುತ್ತಿಲ್ಲ, ಅವರಾದರೂ ಹೇಳಿಬಿಡಲಿ ಎಂದೂ ಅನಿಸಿತು.

“ತಪ್ಪಾಯ್ತು ಅಕ್ಕ” ಅಂದರು.

“ನಾಳೆಯಿಂದ ಬರ್ಬೇಡ.”

ಅವನು ಅಲ್ಲೇ ನಿಂತಿದ್ದ. ಚಿಕ್ಕಂದಿನಲ್ಲಿ ಮೇಸ್ತ್ರಿಯ ಹೆಗಲ ಮೇಲೆ ಕೂತೇ ಶಾಲೆಗೆ ಹೋಗುತ್ತಿದ್ದವನು. ತಳ್ಳುಗಾಡಿ ಹಿಡಿದು ಒಳಗೆ ಹೋದ.

ನಾನು ಗೇಟಿನವರೆಗೆ ಓಡಿದೆ. ಮೇಸ್ತ್ರಿ ಊಟದ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟುತ್ತಿದ್ದರು. ಹಗ್ಗ ಎರಡು ಸಲ ಜಾರಿತು.

“ಯಾಕೆ ಹೇಳ್ಲಿಲ್ಲ?”

“ಏನು ಹೇಳ್ಬೇಕಿತ್ತು? ನೀವು ಪುಸ್ತಕ ಓದಿದ್ರಿ ಅಂತಾನಾ?”

ನನಗೆ ಅಳು ಬಂತು.

“ಅಳ್ಬೇಡಿ. ನಂಗಿಲ್ಲಿ ಇಪ್ಪತ್ತೆಂಟು ವರ್ಷದ ಬೇರು. ಅಕ್ಕ ನಾಲ್ಕು ದಿನ ಕೂಗಾಡ್ತಾರೆ, ಆಮೇಲೆ ಕರೀತಾರೆ. ನೀವು ಇನ್ನೂ ಎರಡೆಲೆ. ಈಗಲೇ ಅಲ್ಲಾಡಿಸಿದ್ರೆ ಹಿಡಿಯಲ್ಲ.”

“ಕರೀದಿದ್ರೆ?”

ಸೈಕಲ್ ಹತ್ತಿ ಹೋದರು.

ಮಾರ್ಚ್ 28, ಶನಿವಾರ

ಸಾವಿರದ ಇನ್ನೂರು ಸತ್ತವು. ಕುಂಡ ಸಮೇತ ಮೂಟೆ ಕಟ್ಟಿ ಬೇಯಿಸಿ ಹೊರಗೆ ಹಾಕುತ್ತಿದ್ದೇವೆ. ಮೇಸ್ತ್ರಿಯ ಕೆಲಸವನ್ನೂ ಅವನೇ ಮಾಡುತ್ತಾನೆ. ಊಟಕ್ಕೆ ಕೂತಾಗೆಲ್ಲ ಅವರದೇ ಮಾತು. “ನಂಬಿದ್ದೆವಲ್ಲ. ಅಷ್ಟೂ ಕಾಳಜಿ ಇಲ್ವಾ ಆ ಮನುಷ್ಯನಿಗೆ?” ಎನ್ನುತ್ತಾನೆ. ನಾನು ಅವನಿಗೆ ಇನ್ನೊಂದು ಸೌಟು ಬಡಿಸುತ್ತೇನೆ.

ಉದುರಿದವು ಅಲ್ಲೇ ಮುಗೀತವೆ. ಬೇರು ಮುಂದೆ ಹೋಗಿರುತ್ತದೆ. ಇಡೀ ದಿನ ಅದೇ ಮಾತು ತಲೆಯಲ್ಲಿ.

ಮಾರ್ಚ್ 29, ಭಾನುವಾರ

ಹೇಳಿದೆ.

ಬೆಳಿಗ್ಗೆ ಅಡುಗೆಮನೆಯ ಮೇಜು. ಅತ್ತೆ ಕಾಫಿ ಕುಡಿಯುತ್ತಿದ್ದರು, ಅವನು ಬೂಟಿನ ದಾರ ಕಟ್ಟುತ್ತಿದ್ದ. ಹೊತ್ತು ನೋಡಲಿಲ್ಲ, ಪೀಠಿಕೆ ಹಾಕಲಿಲ್ಲ.

“ಅತ್ತೆ, ಹಳೇ ಮಡಿ ಮಣ್ಣನ್ನ ನಾನು ಬೇಯಿಸಿಬಿಟ್ಟೆ. ನೀವು ಆಸ್ಪತ್ರೇಲಿದ್ದಾಗ.”

ಅತ್ತೆ ಲೋಟ ಕೆಳಗಿಟ್ಟರು. “ಎಷ್ಟು?”

“ಪೂರ್ತಿ.”

“ಬೇರು?”

“ಬೇರೂ. ಆಮೇಲೆ ಗೊತ್ತಾಗ್ದಿರ್ಲಿ ಅಂತ ವಾಪಸ್ಸು ಹೂತೆ.”

“ಎಷ್ಟೆಷ್ಟು ಹೊತ್ತು ಬೇಯಿಸ್ದೆ?”

“ಒಂದೊಂದು ಸಲಕ್ಕೆ ಅರ್ಧ ಗಂಟೆ.”

“ಸರಿಯಾಗೇ ಬೇಯಿಸಿದೀಯ” ಅಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೊಸ ಕಣ್ಣಿನಿಂದ ನನ್ನನ್ನು ನೋಡಿದರು. “ಮೇಸ್ತ್ರಿಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಇಷ್ಟು ಹೊತ್ತೂ ಗಟ್ಟಿಯಾಗಿದ್ದವರ ಮುಖ ಆ ಒಂದು ಮಾತಿಗೆ ಕುಸಿಯಿತು. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಅವನ ಕಿವಿ ಬೆಳ್ಳಗಾಗಿತ್ತು. “ಮಣ್ಣು ಬೇಯಿಸಿದ್ದಕ್ಕಲ್ಲ” ಅಂದ. “ಅದು ಗೊತ್ತಿಲ್ದೆ ಮಾಡಿದ್ದು. ಎರಡು ದಿನದಿಂದ ನಾನು ಅವರನ್ನ ಬೈತಾ ಇದ್ದೆ. ನೀನು ಪಕ್ಕದಲ್ಲಿ ಕೂತು ಬಡಿಸ್ತಾ ಇದ್ದೆ.”

ಇದು ನಮ್ಮ ಮೊದಲ ಜಗಳ. ಜಗಳವೂ ಅಲ್ಲ, ನನ್ನ ಕಡೆಯಿಂದ ಹೇಳಲು ಏನೂ ಇರಲಿಲ್ಲ.

ಮಾರ್ಚ್ 30, ಸೋಮವಾರ

ಬೆಳಿಗ್ಗೆ ಆರು ಗಂಟೆಗೆ ಅತ್ತೆ ಬಾಗಿಲು ತಟ್ಟಿದರು. ಬೂಟು ಹಾಕಿಕೊಂಡು ನಿಂತಿದ್ದರು. “ತಳ್ಳುಗಾಡಿ ತಗೋ. ಸಲಿಕೆ ತಗೋ.”

ಮೇಸ್ತ್ರಿಯ ಮನೆಗೆ ಇಪ್ಪತ್ತು ನಿಮಿಷದ ದಾರಿ. ಅತ್ತೆ ಮುಂದೆ, ನಾನು ಹಿಂದೆ ಗಾಡಿ ತಳ್ಳುತ್ತ. ಅರ್ಧ ದಾರಿಯಲ್ಲಿ, ಹಿಂದೆ ತಿರುಗದೆಯೇ ಮಾತಾಡಿದರು. “ಇಪ್ಪತ್ತು ವರ್ಷದಿಂದ ಮಿಕ್ಕಿದ ಸಸೀನೆಲ್ಲ ಅವನೇ ಮನೆಗೆ ಒಯ್ತಿದ್ದ. ಕುಂಡದ ಮಣ್ಣಿನ ಸಮೇತ. ಅವನ ತೋಟದಲ್ಲಿರೋದು ಯಾವ ಮಣ್ಣು ಅಂದ್ಕೊಂಡಿದೀಯ? ನನ್ನ ಮಡೀದೇ. ಅವನ ಬೂಟಲ್ಲಿ ಇದ್ದಿದ್ದೂ ಅದೇ. ಔಷಧೀನ ರೋಗ ಅಂದ್ಕೊಂಡು ಮನುಷ್ಯನ್ನ ಹೊರಗೆ ಹಾಕ್ದೆ.”

ಮೇಸ್ತ್ರಿಯ ಹೆಂಡತಿ ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಅನ್ನಲಿಲ್ಲ. ಮೇಸ್ತ್ರಿ ಹಿತ್ತಲಿನಿಂದ ಬಂದರು. ಅವರ ಬೆನ್ನ ಹಿಂದೆ ಟೊಮೆಟೊ ಗಿಡಗಳು ಎದೆಯೆತ್ತರ ನಿಂತಿದ್ದವು, ಒಂದು ಎಲೆಯೂ ಬಾಡಿರಲಿಲ್ಲ.

“ಒಂದು ಗಾಡಿ ಮಣ್ಣು ಬೇಕಿತ್ತು” ಎಂದರು ಅತ್ತೆ.

“ರೋಗದ ಮಣ್ಣು ಅಂದ್ರಲ್ಲ ಅಕ್ಕ?”

“ಅಂದೆ.”

“ಇಡೀ ಬೀದಿಗೆ ಕೇಳೋ ಹಾಗೆ ಅಂದ್ರಿ.”

“ಅಂದೆ ಕಣೋ. ಬಗ್ಗಬಾರದು ಅಂತ ಡಾಕ್ಟ್ರು ಹೇಳಿದಾರೆ. ಇಲ್ದಿದ್ರೆ ನಾನೇ ಅಗೀತಿದ್ದೆ.”

“ತಪ್ಪಾಯ್ತು ಅನ್ನೋಕೂ ಬಗ್ಗಬಾರದಾ?” ಅಂದರು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

ಅತ್ತೆ ಅವರ ಕಡೆ ತಿರುಗಿದರು. “ತಪ್ಪಾಯ್ತು” ಅಂದರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ ಇನ್ನೊಂದು ಸಲ ಅಂದರು.

ನಾನೂ ಹೇಳಬೇಕೆಂದು ಬಾಯಿ ತೆರೆದೆ. ಮೇಸ್ತ್ರಿ ನನ್ನ ಗಾಡಿಯಿಂದ ಸಲಿಕೆ ಎತ್ತಿ ನನ್ನ ಕೈಗೇ ಕೊಟ್ಟರು. “ಅಗೀರಿ ಹೊಸಮ್ಮಾವ್ರೇ. ಬೇರಿನ ಹತ್ರದ್ದೇ ತೆಗೀಬೇಕು, ಮಣ್ಣು ಉದುರಿಸ್ಬೇಡಿ.”

ಅಗೆದೆ. “ಆ ಗಿಡ ಬಿಡಿ, ಕಾಯಿ ಬಿಟ್ಟಿದೆ” ಎಂದು ಅವರ ಹೆಂಡತಿ ಎರಡು ಸಲ ಗದರಿದರು. ಆದರೂ ಒಂಬತ್ತು ಗಿಡ ಕೊಟ್ಟರು, ಕಾಯಿ ಬಿಟ್ಟವನ್ನೂ ಸೇರಿಸಿ.

“ನಾಳೆ ಬರ್ತೀಯಾ?” ಎಂದು ಅತ್ತೆ ಹೊರಡುವಾಗ ಕೇಳಿದರು.

“ನೋಡ್ತೀನಿ ಅಕ್ಕ.”

ಏಪ್ರಿಲ್ 1, ಬುಧವಾರ

ಸಂಘದವರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಲು ಅತ್ತೆ ನನ್ನನ್ನೇ ಕೂರಿಸಿದರು. ಹೇಳಿದೆ. ಅರ್ಧ ಜನ ತಿಂಗಳ ಕೊನೆಯವರೆಗೆ ಕಾಯುತ್ತಾರೆ. ಉಳಿದವರು ಈ ಸಲ ಟೊಮೆಟೊ ಬಿಡುತ್ತಾರಂತೆ. ಒಬ್ಬರು ಫೋನನ್ನು ಪಟ್ಟನೆ ಇಟ್ಟರು.

ಹಳೆಯ ಆರು ಸಾವಿರದಲ್ಲಿ ಉಳಿದವನ್ನೂ ಬೇಯಿಸಿ ಹೊರಗೆ ಹಾಕಿದ್ದಾಯಿತು. ಮೂರು ಸಾವಿರ ಹೊಸ ಸಸಿ ಕುಂಡಕ್ಕೆ ಹಾಕಬೇಕು. ಮೇಸ್ತ್ರಿ ನಿನ್ನೆ ಬರಲಿಲ್ಲ. ಇವತ್ತು ಹತ್ತು ಗಂಟೆಗೆ ಬಾಗಿಲಲ್ಲಿ ಸೈಕಲ್ ಸದ್ದಾಯಿತು. ಎರಡೂ ಕೈಯಲ್ಲಿ ಒಂದೊಂದು ಜೊತೆ ಬೂಟು ಹಿಡಿದು ನಿಂತಿದ್ದರು.

“ಯಾವ್ದು ಹಾಕ್ಲಿ ಅಕ್ಕ? ರೋಗದ್ದೋ, ಔಷಧೀದೋ?”

“ಬಾರೋ ಒಳಗೆ” ಅಂದರು ಅತ್ತೆ.

ಅವನು ಹೋಗಿ ಮೇಸ್ತ್ರಿಯ ಕೈಯಿಂದ ಬೂಟು ತೆಗೆದುಕೊಂಡ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ನನ್ನೊಡನೆ ಇನ್ನೂ ಅಗತ್ಯವಿದ್ದಷ್ಟೇ ಮಾತು.

ಸಂಜೆಯವರೆಗೆ ಕೆಲಸ ಇತ್ತು. ಹಿಡಿ ಮಣ್ಣು ಹಾಕಿದ್ದು ಮೇಸ್ತ್ರಿ.

ಏಪ್ರಿಲ್ 7, ಮಂಗಳವಾರ

ಆರು ದಿನ. ಎಲ್ಲ ನಿಂತಿವೆ. ಮೊದಲ ಸಲವೂ ಆರನೇ ದಿನ ಎಲ್ಲ ನಿಂತಿದ್ದವು.

ಏಪ್ರಿಲ್ 11, ಶನಿವಾರ

ಎರಡು ಗಂಟೆಗೆ ಮೂರು ಸಸಿ ತಲೆಬಾಗಿದ್ದವು. ಮೊದಲು ಕಂಡವಳು ನಾನೇ. ಕೂಗಿದೆ.

ಮೂರು ಗಾಜಿನ ಲೋಟ ತಂದೆ. ಬ್ಲೇಡನ್ನು ಅತ್ತೆ ನನ್ನ ಕೈಗೆ ಕೊಟ್ಟರು. “ಅತ್ತೆ, ಈಗ ನಿಮಗೆ ಚೆನ್ನಾಗಿ ಕಾಣುತ್ತಲ್ಲ?” ಅಂದೆ.

“ಕಾಣುತ್ತೆ. ನೀನು ನೋಡಿ ಹೇಳು.”

ಮೇಸ್ತ್ರಿ, ಅವನು, ಅತ್ತೆ, ಮೂವರೂ ನನ್ನ ಮುಖ ನೋಡುತ್ತ ನಿಂತಿದ್ದರು, ಲೋಟ ನೋಡುತ್ತಿರಲಿಲ್ಲ. ಮೊದಲ ಕಾಂಡ ಹಿಡಿದೆ. ನೀರು ತಿಳಿಯಾಗಿಯೇ ಇತ್ತು. ಎರಡನೆಯದೂ ತಿಳಿ. ಅವೆರಡಕ್ಕೆ ನೀರು ಸಾಲದೆ ಬಾಡಿರಬೇಕು. ಮೂರನೆಯದು ತುಂಬ ಹೊತ್ತು ತಿಳಿಯಾಗಿತ್ತು. ಆಮೇಲೆ ಕೂದಲಿಗಿಂತ ತೆಳ್ಳಗಿನ ಒಂದು ಎಳೆ ಹೊರಟು, ಲೋಟದ ನಡುವಿನವರೆಗೂ ಬಾರದೆ ಕರಗಿತು. ನನ್ನ ಕಣ್ಣಿಗಲ್ಲದೆ ಬೇರಾರಿಗೂ ಕಂಡಿರಲಾರದು.

“ಮೂರನೇದ್ರಲ್ಲಿ ಇದೆ” ಅಂದೆ.

“ಎಷ್ಟು?”

“ಸ್ವಲ್ಪ. ಆದ್ರೆ ಇದೆ.”

ಮೇಸ್ತ್ರಿ ಉಸಿರು ಬಿಟ್ಟರು. “ಮೂರು ಸಾವಿರಕ್ಕೆ ಒಂದು” ಅಂದರು.

“ಇರ್ಲಿ” ಅಂದರು ಅತ್ತೆ. “ಅದರ ಬೇರಿನ ಮುದ್ದೇನ ಬೇಯಿಸ್ಬೇಡ. ಹಳೇ ಮಡಿಗೆ ನೆಡು. ಅದರ ಪಕ್ಕ ಒಂದು ಒಳ್ಳೇ ಸಸಿ ಹಾಕು, ಮೇಸ್ತ್ರಿ ತೋಟದ್ದು ಒಂದು ಹಿಡಿ ಹಾಕು. ಸತ್ರೆ ಕೀಳ್ಬೇಡ. ಅಲ್ಲೇ ಇನ್ನೊಂದು ನೆಡು. ನಾನೂ ಹಾಗೇ ಶುರು ಮಾಡಿದ್ದು.”

“ಎಷ್ಟು ವರ್ಷ ಬೇಕು ಅತ್ತೆ?”

“ನಂಗೆ ಆರು ಹಿಡೀತು.”

“ಸರಿ” ಅಂದೆ. ಮೊದಲ ಸಾಲಿಗೆ ಎಂಟು ಸಸಿ ನೆಟ್ಟೆ. ನಾಳೆ ಎರಡನೇ ಸಾಲು. ಕಾಲುವೆ ಕಡೆಯ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ಮಣ್ಣು ಸ್ವಲ್ಪ ಏರಿಸಬೇಕು. ಬೂಟಿನ ಎಡಗಾಲು ಸೀಳಿದೆ, ಮೇಸ್ತ್ರಿ ರಬ್ಬರ್ ತುಂಡು ಅಂಟಿಸಿ ಕೊಡುತ್ತೇನೆ ಅಂದಿದ್ದಾರೆ.

ಇದನ್ನು ಬರೆಯುತ್ತಿರುವಾಗ ಅವನು ಬಂದು ಪಕ್ಕದಲ್ಲಿ ಕೂತ. ನನ್ನ ಕೈ ಹಿಡಿದುಕೊಂಡು ಉಗುರುಗಳನ್ನು ನೋಡಿದ. “ಇವತ್ತಿಗೆ ಎಷ್ಟು ದಿನ ಆಯ್ತು?” ಎಂದು ಕೇಳಿದ.

“ಹತ್ತು” ಅಂದೆ. “ಇನ್ನೂ ಒಂದು ವಾರ ನೋಡ್ಬೇಕು. ಆಮೇಲೆ ಭಯವಿಲ್ಲ.”

ಅವನು ಜೋರಾಗಿ ನಕ್ಕುಬಿಟ್ಟ. “ಸಸಿ ಅಲ್ಲ ಕಣೇ, ನಮ್ಮ ಮದುವೆ” ಅಂದ. ಕಿವಿ ಕೆಂಪಾಗಿತ್ತು.